ಕನ್ನಡ ಫಾಂಟ್ ಹಾಕಿದ್ದೇನೆ, ಗಿಂಪ್‌ನಲ್ಲಿ ಕಾಣುತ್ತಿಲ್ಲ, ಫೋಟೋಶಾಪ್‌ನಲ್ಲಿ ಒತ್ತಕ್ಷರ ಒಡೆಯುತ್ತಿದೆ

ಮಿಡಿಮಾವು_ಶಿರಸಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ. ಅರ್ಧಂಬರ್ಧ ಹೇಳಿದರೆ ನಿಮಗೂ ತಿಳಿಯುವುದಿಲ್ಲ, ಅದಕ್ಕೇ ಮೊದಲಿಂದ ಹೇಳುತ್ತೇನೆ.

ನಮ್ಮ ಮನೆ ಶಿರಸಿ ಹತ್ತಿರ. ಆಯಿ ಪ್ರತಿ ವರ್ಷ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುತ್ತಾಳೆ. ಮೊದಲೆಲ್ಲ ನೆಂಟರಿಗೆ, ಅಕ್ಕಪಕ್ಕದ ಮನೆಗೆ ಅಂತ ಮಾಡುತ್ತಿದ್ದದ್ದು. ಮೂರು ವರ್ಷದಿಂದ ಬಾಟಲಿಗೆ ತುಂಬಿ ಮಾರುತ್ತಿದ್ದೇವೆ. ಲೇಬಲ್ ಇಷ್ಟು ದಿನ ಆಯಿಯೇ ಕೈಯಲ್ಲಿ ಬರೆದು ಅಂಟಿಸುತ್ತಿದ್ದಳು. ಅವಳ ಅಕ್ಷರ ದುಂಡಗೆ, ಒತ್ತೆಲ್ಲ ತುಂಬಿಕೊಂಡ ಹಾಗೆ ಇರುತ್ತದೆ. ಆದರೆ ಈ ಸಲ 200 ಬಾಟಲಿ. ಅಷ್ಟು ಬರೆಯುವಷ್ಟರಲ್ಲಿ ಅವಳ ಬೆರಳು ಹಿಡಿದುಕೊಳ್ಳುತ್ತದೆ. ಮಿಡಿ ಉಪ್ಪಿನಲ್ಲಿ ಹಾಕಿಟ್ಟಾಗಿದೆ. ಮಸಾಲೆ ಅರೆದು ಬಾಟಲಿ ತುಂಬುವ ಹೊತ್ತಿಗೆ ಲೇಬಲ್ ಕೈಯಲ್ಲಿರಬೇಕು.

ಹೋದ ತಿಂಗಳು ಪೇಟೆಯ ಒಂದು ಪ್ರಿಂಟಿಂಗ್ ಅಂಗಡಿಗೆ ಮ್ಯಾಟರ್ ಅನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದೆ. ಸ್ಟಿಕರ್ ಬಂದಾಗ ನೋಡಿದರೆ ‘ಅಪ್ಪೆಮಿಡಿ’ ಅನ್ನುವುದರಲ್ಲಿ ಪ ಕೆಳಗಿನ ಒತ್ತೇ ಇಲ್ಲ. ಎರಡು ಪ ಪಕ್ಕಪಕ್ಕ ನಿಂತಿವೆ, ಮೊದಲನೆಯದರ ತಲೆ ಮೇಲೆ ಅರ್ಧಾಕ್ಷರದ ಗುರುತು. ‘ನಿವ್ವಳ ತೂಕ’ದ ವ್ವ ಕೂಡ ಹಾಗೇ. ‘ಅರ್ಧ ಕೆ.ಜಿ.’ಯ ಅರ್ಕಾವೊತ್ತು ಮಾಯ. ಆಯಿ ಸ್ಟಿಕರ್ ಕೈಯಲ್ಲಿ ಹಿಡಿದು ಎರಡು ಸಲ ಓದಿದಳು. “ಇದು ನಮ್ಮ ಉಪ್ಪಿನಕಾಯಿ ಹೆಸರಲ್ಲ” ಅಂದಳು. ಅಷ್ಟೇ. ಆ 200 ಸ್ಟಿಕರ್ ಹಾಗೇ ಕಪಾಟಿನಲ್ಲಿದೆ. ನಾನೇ ಮಾಡುತ್ತೇನೆ ಅಂತ ಕೂತದ್ದು ಆವತ್ತಿನಿಂದ.

ನನ್ನ ಹತ್ತಿರ ವಿಂಡೋಸ್ 10 ಇರುವ ಹಳೆಯ ಲ್ಯಾಪ್‌ಟಾಪ್ ಇದೆ. ಅದರಲ್ಲಿ ಗಿಂಪ್ 2.10.8, ಚಿತ್ರ ತಿದ್ದುವ ಉಚಿತ ತಂತ್ರಾಂಶ. ಗೂಗಲ್ ಫಾಂಟ್ಸ್‌ನಿಂದ ಬಾಲೂ ಅನ್ನುವ ದಪ್ಪ ದುಂಡನೆಯ ಫಾಂಟ್ ಮತ್ತು ಟಿರೋ ಕನ್ನಡ ಎರಡನ್ನೂ ಇಳಿಸಿಕೊಂಡೆ. ಜಿಪ್ ಬಿಚ್ಚಿ, ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ‘ಇನ್‌ಸ್ಟಾಲ್’ ಒತ್ತಿದೆ. ವರ್ಡ್‌ನಲ್ಲಿ ಎರಡೂ ಕಾಣುತ್ತವೆ. ಗಿಂಪ್‌ನ ಪಟ್ಟಿಯಲ್ಲಿ ಒಂದೂ ಇಲ್ಲ. ಮೂರು ಸಲ ಅಳಿಸಿ ಮತ್ತೆ ಹಾಕಿದೆ, ಲ್ಯಾಪ್‌ಟಾಪ್ ಆರಿಸಿ ಹಚ್ಚಿದೆ. ಏನೂ ಬದಲಾಗಿಲ್ಲ.

ಭಾವನ ಲ್ಯಾಪ್‌ಟಾಪ್‌ನಲ್ಲಿ ಫೋಟೋಶಾಪ್ ಇದೆ. ಅಲ್ಲಿ ಫಾಂಟ್ ಕಾಣುತ್ತದೆ, ಆದರೆ ಒತ್ತಕ್ಷರ ಎಲ್ಲ ಆ ಸ್ಟಿಕರಿನ ಹಾಗೆಯೇ ಒಡೆಯುತ್ತದೆ. ಅಂಗಡಿಯವರನ್ನು ಕೇಳಿದರೆ “ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಕೊಡಿ, ಸರಿ ಬರುತ್ತದೆ” ಅಂದರು. ನುಡಿ ಫಾಂಟ್ ಹಾಕಿ, ಇದ್ದ ಮ್ಯಾಟರ್ ಸೆಲೆಕ್ಟ್ ಮಾಡಿ ಫಾಂಟ್ ಬದಲಿಸಿದೆ. ಪೂರ್ತಿ ಡಬ್ಬಿ ಡಬ್ಬಿ ಬಂತು.

ಫಾಂಟ್ ಫೈಲೇ ಕೆಟ್ಟಿದೆಯಾ? ನಾನು ಹಾಕುವ ಕ್ರಮ ತಪ್ಪಾ? ಎರಡು ವಾರ ಆಯಿತು, ದಯವಿಟ್ಟು ಯಾರಾದರೂ ದಾರಿ ಹೇಳಿ.

ಮೊಳೆ_ಜೋಡಣೆ ಬರೆದದ್ದು:

ತಂಗಿ, ಫಾಂಟ್ ಕೆಟ್ಟಿಲ್ಲ. ನೀವು ಹಾಕಿದ ಕ್ರಮವೂ ತಪ್ಪಲ್ಲ. ನಿಮಗೆ ಮೂರು ಬೇರೆ ಬೇರೆ ತೊಂದರೆ ಒಟ್ಟಿಗೆ ಬಂದಿವೆ, ಅದಕ್ಕೇ ಗೊಂದಲ. ಗಿಂಪ್ ವಿಷಯ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ, ಅವರು ಹೇಳಲಿ. ನಾನು ಫೋಟೋಶಾಪ್ ಮತ್ತು ನುಡಿ ವಿಷಯ ಹೇಳುತ್ತೇನೆ.

ನಾನು ಹುಬ್ಬಳ್ಳಿಯಲ್ಲಿ ಅಚ್ಚುಮೊಳೆ ಜೋಡಿಸುವ ಕಾಲದಿಂದ ಈ ಕೆಲಸದಲ್ಲಿದ್ದೇನೆ. ಆಗ ಮರದ ಕೇಸಿನಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಖಾನೆ. ಒತ್ತಿನ ಮೊಳೆಗಳಿಗೆ ಬೇರೆ ಖಾನೆ. ‘ಪ್ಪೆ’ ಬೇಕು ಅಂದರೆ ಮೊದಲು ‘ಪೆ’ ಮೊಳೆ ಎತ್ತಬೇಕು, ಆಮೇಲೆ ಪ ಒತ್ತಿನ ಮೊಳೆ. ಕಣ್ಣಿಗೆ ಹೇಗೆ ಕಾಣಬೇಕೋ ಆ ಕ್ರಮದಲ್ಲಿ ಕೈಯಿಂದ ಜೋಡಿಸುವುದು.

ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳು ಇದೇ ಲೆಕ್ಕದವು. ಇಂಗ್ಲಿಷ್ ಅಕ್ಷರ, ಚಿಹ್ನೆಗಳಿಗೆ ಅಂತ ಇದ್ದ ಜಾಗಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದಾರೆ. ತಲಕಟ್ಟು ಒಂದು ತುಂಡು, ಕೊಂಬು ಒಂದು ತುಂಡು, ಒತ್ತು ಒಂದು ತುಂಡು. ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ಗೊತ್ತಿಲ್ಲ. ನುಡಿಯಲ್ಲಿ ಟೈಪ್ ಮಾಡಿದ ‘ಕನ್ನಡ’ವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಹಣದ ಗುರುತು, ಹೀಗೆ ಬರುತ್ತದೆ. ಆ ಫೈಲಿನಲ್ಲಿ ನಿಜವಾಗಿ ಇರುವುದೇ ಅದು.

ನೀವು ಮೊಬೈಲಿನಲ್ಲಿ, ವಾಟ್ಸಾಪಿನಲ್ಲಿ ಟೈಪ್ ಮಾಡುವುದು ಯೂನಿಕೋಡ್, ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಕೇತ ಇರುವ ಪದ್ಧತಿ. ಅಲ್ಲಿ ಲೆಕ್ಕ ಬೇರೆ. ‘ಅಪ್ಪೆಮಿಡಿ’ ಒಳಗೆ ಹೀಗೆ ಇರುತ್ತದೆ: ಅ, ಪ, ಅರ್ಧಾಕ್ಷರದ ಗುರುತು, ಪ, ಎತ್ವ, ಮ, ಗುಡಿಸು, ಡ, ಗುಡಿಸು. ಒಂಬತ್ತು ಸಂಕೇತ. ಪರದೆ ಮೇಲೆ ಕಾಣಬೇಕಾದದ್ದು ನಾಲ್ಕೇ ಅಕ್ಷರ. ಎತ್ವ ಬರುವುದು ಎರಡನೇ ಪ ಆದ ಮೇಲೆ, ಆದರೆ ಅದು ಹೋಗಿ ಮೊದಲನೇ ಪ ತಲೆ ಮೇಲೆ ಕೂರಬೇಕು. ಎರಡನೇ ಪ ಕೆಳಗಿಳಿದು ಒತ್ತಾಗಬೇಕು. ‘ಅರ್ಧ’ದಲ್ಲಿ ರ ಮೊದಲು ಬರುತ್ತದೆ, ಆದರೆ ಧ ದಾಟಿ ಅದರ ಬಲಕ್ಕೆ ಅರ್ಕಾವೊತ್ತಾಗಿ ನಿಲ್ಲಬೇಕು. ಅಂದರೆ ನೀವು ಕೊಟ್ಟದ್ದು ಹಸ್ತಪ್ರತಿ ಮಾತ್ರ. ಮೊಳೆ ಜೋಡಿಸುವ ಕೆಲಸ ಬೇರೆ ಯಾರೋ ಮಾಡಬೇಕು. ಜೋಡಿಸುವ ನಿಯಮ ಫಾಂಟಿನ ಒಳಗೇ ಬರೆದಿರುತ್ತದೆ. ಆದರೆ ಆ ನಿಯಮ ಓದಿ ಪಾಲಿಸಬೇಕಾದದ್ದು ಸಾಫ್ಟ್‌ವೇರ್. ಅದು ಓದದೆ ಇದ್ದರೆ ಅಕ್ಷರಗಳು ಬಂದ ಕ್ರಮದಲ್ಲೇ ಸಾಲಾಗಿ ನಿಲ್ಲುತ್ತವೆ. ನಿಮ್ಮ ಸ್ಟಿಕರಿನಲ್ಲಿ ಆದದ್ದು ಅದೇ.

ಫೋಟೋಶಾಪಿಗೆ ಇದನ್ನು ಓದಲು ಬರುತ್ತದೆ. ಆದರೆ ಇಂಗ್ಲಿಷಿಗೆ ಅಂತ ಹೊಂದಿಸಿಟ್ಟ ಪ್ರತಿಯಲ್ಲಿ ಆ ಸೌಲಭ್ಯ ಆಫ್ ಆಗಿರಬಹುದು. ಭಾವನ ಲ್ಯಾಪ್‌ಟಾಪಿನಲ್ಲಿ ಎಡಿಟ್ ಮೆನು, ಅದರ ಕೊನೆಯಲ್ಲಿ ಪ್ರಿಫರೆನ್ಸಸ್, ಅದರಲ್ಲಿ ಟೈಪ್ ಅಂತ ಹೋಗಿ. ‘ಟೆಕ್ಸ್ಟ್ ಎಂಜಿನ್’ ಅಂತ ಒಂದು ಭಾಗ ಇರುತ್ತದೆ. ಅಲ್ಲಿ ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’ ಆರಿಸಿ ಓಕೆ ಕೊಡಿ. ಫೋಟೋಶಾಪ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಈಗ ಹಳೆಯ ಫೈಲ್ ತೆಗೆದು ನೋಡಬೇಡಿ, ಅದು ಹಾಗೆಯೇ ಒಡೆದೇ ಇರಬಹುದು. ಹೊಸ ಫೈಲ್ ತೆರೆದು, ಹೊಸದಾಗಿ ಟೈಪ್ ಮಾಡಿ ನೋಡಿ. ಟೈಪ್ ಪುಟದಲ್ಲಿ ಈ ಆಯ್ಕೆ ಸಿಗದಿದ್ದರೆ ನಿಮ್ಮದು ಹೊಸ ಆವೃತ್ತಿ. ಅದರಲ್ಲಿ ಪ್ಯಾರಾಗ್ರಾಫ್ ಪ್ಯಾನಲಿನ ಮೂಲೆಯ ಚಿಕ್ಕ ಮೆನು ಒತ್ತಿ, ‘ವರ್ಲ್ಡ್-ರೆಡಿ ಲೇಔಟ್’ ಆರಿಸಿ.

ನುಡಿಯಲ್ಲಿ ಡಬ್ಬಿ ಯಾಕೆ ಬಂತು ಅಂತ ಈಗ ನಿಮಗೇ ಗೊತ್ತಾಗುತ್ತದೆ. ಯೂನಿಕೋಡ್ ಹೇಳುವ ‘ಪ’ ಜಾಗದಲ್ಲಿ ಆ ಹಳೆಯ ಫಾಂಟ್ ಒಳಗೆ ಏನೂ ಇಲ್ಲ. ಫಾಂಟ್ ಹೆಸರು ಬದಲಿಸಿದರೆ ಸಾಲದು, ಮ್ಯಾಟರನ್ನೇ ಪರಿವರ್ತಕದಲ್ಲಿ ಹಾಕಿ ಬದಲಿಸಬೇಕು. ನುಡಿ, ಬರಹ ಎರಡರ ಜೊತೆಗೂ ಪರಿವರ್ತಕ ಬರುತ್ತದೆ. ಕನ್ನಡ ಗಣಕ ಪರಿಷತ್ತಿನ ಈಗಿನ ನುಡಿಯಲ್ಲಿ ಯೂನಿಕೋಡ್ ಫಾಂಟುಗಳೂ ಇವೆ, ಅವುಗಳ ಹೆಸರಲ್ಲೇ ‘ನುಡಿ ಯುನಿ’ ಅಂತ ಇರುತ್ತದೆ. ನುಡಿ ಬಗ್ಗೆ ನನಗೆ ತುಂಬಾ ಗೌರವ ಇದೆ. ನಮ್ಮಂಥ ಸಾವಿರಾರು ಜನ ಕಂಪ್ಯೂಟರಿನಲ್ಲಿ ಕನ್ನಡ ಕಂಡದ್ದು ಅದರಿಂದಲೇ. ಆದರೆ ಹೊಸದಾಗಿ ಶುರು ಮಾಡುವ ನೀವು ಹಳೆಯ ಸಂಕೇತಕ್ಕೆ ಹೋಗಬೇಡಿ. ಯೂನಿಕೋಡಿನಲ್ಲೇ ಇರಿ.

ಪೆಂಗ್ವಿನ್_ಮೈಸೂರು ಬರೆದದ್ದು:

ಅಕ್ಕ, ಗಿಂಪ್ ಬಗ್ಗೆ ನಾನು ಹೇಳುತ್ತೇನೆ. ಮೊದಲು ಸಮಾಧಾನದ ಮಾತು: ಗಿಂಪ್‌ನಲ್ಲಿ ಒತ್ತಕ್ಷರಕ್ಕೆ ಯಾವ ಸೆಟ್ಟಿಂಗೂ ಬೇಡ. ಅದರೊಳಗೆ ಹಾರ್ಫ್‌ಬಜ್ ಅನ್ನುವ ತಂತ್ರಾಂಶ ಕೂತಿದೆ. ಮೇಲೆ ಸರ್ ಹೇಳಿದ ಮೊಳೆ ಜೋಡಿಸುವ ಕೆಲಸ ಅದೇ ಮಾಡುತ್ತದೆ. ಫಾಂಟ್ ಸಿಕ್ಕರೆ ಸಾಕು, ‘ಪ್ಪೆ’ ತಾನೇ ಸರಿ ಕೂರುತ್ತದೆ.

ನಿಮ್ಮಲ್ಲಿ ಫಾಂಟ್ ಸಿಗುತ್ತಿಲ್ಲ, ಅಷ್ಟೇ. ಕಾರಣ ಇದು. 2018ರ ಅಪ್‌ಡೇಟ್‌ಗಳ ನಂತರದ ವಿಂಡೋಸ್ 10ರಲ್ಲಿ ಸುಮ್ನೆ ‘ಇನ್‌ಸ್ಟಾಲ್’ ಒತ್ತಿದರೆ ಫಾಂಟ್ ಆ ಬಳಕೆದಾರರ ಖಾತೆಯೊಳಗಿನ ಫೋಲ್ಡರಿಗೆ ಹೋಗುತ್ತದೆ. ಮೊದಲಿನ ಹಾಗೆ ಸಿ ಡ್ರೈವಿನ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರಿಗೆ ಹೋಗುವುದಿಲ್ಲ. ವರ್ಡ್ ಎರಡೂ ಕಡೆ ನೋಡುತ್ತದೆ. 2.10ರ ಹಳೆಯ ಗಿಂಪ್ ಸಿ ಡ್ರೈವಿನ ಆ ಫೋಲ್ಡರ್ ಮಾತ್ರ ನೋಡುತ್ತಿತ್ತು. ಹೊಸ ಆವೃತ್ತಿಗಳಲ್ಲಿ ಇದು ಸರಿಯಾಗಿದೆ, 2025ರಲ್ಲಿ ಗಿಂಪ್ 3.0 ಕೂಡ ಬಂದಿದೆ. ಲ್ಯಾಪ್‌ಟಾಪ್ ತಡೆದುಕೊಂಡರೆ ಒಮ್ಮೆ ಅಪ್‌ಡೇಟ್ ಮಾಡಿಕೊಳ್ಳಿ.

ಈಗಲೇ ಆಗಬೇಕು ಅಂದರೆ ಫಾಂಟ್ ಫೈಲ್ ಮೇಲೆ ಬಲ ಕ್ಲಿಕ್ ಮಾಡಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಒತ್ತಿ. ಅಡ್ಮಿನ್ ಪಾಸ್‌ವರ್ಡ್ ಕೇಳಿ, ಅದು ನಿಮ್ಮ ಹತ್ತಿರ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ಗಿಂಪ್‌ನಲ್ಲಿ ಎಡಿಟ್, ಪ್ರಿಫರೆನ್ಸಸ್, ಫೋಲ್ಡರ್ಸ್, ಫಾಂಟ್ಸ್ ಅಂತ ಹೋಗಿ. ಅಲ್ಲಿ ಗಿಂಪ್ ಹುಡುಕುವ ಫೋಲ್ಡರುಗಳ ಪಟ್ಟಿ ಇರುತ್ತದೆ. ಡಿ ಡ್ರೈವಿನಲ್ಲಿ ‘ಕನ್ನಡ ಫಾಂಟ್’ ಅಂತ ಒಂದು ಫೋಲ್ಡರ್ ಮಾಡಿ, ಫೈಲುಗಳನ್ನು ಹಾಕಿ, ಆ ಫೋಲ್ಡರನ್ನು ಪಟ್ಟಿಗೆ ಸೇರಿಸಿ. ಆಮೇಲೆ ಗಿಂಪ್‌ನದೇ ‘ವಿಂಡೋಸ್’ ಮೆನುವಿನ ಡಾಕಬಲ್ ಡೈಲಾಗ್ಸ್‌ನಲ್ಲಿ ಫಾಂಟ್ಸ್ ತೆಗೆದು, ಕೆಳಗಿನ ರಿಫ್ರೆಶ್ ಗುರುತು ಒತ್ತಿದರೆ ಸಾಕು. ನಾನು ಇದನ್ನೇ ಜಾಸ್ತಿ ಇಷ್ಟಪಡುತ್ತೇನೆ. ಸಿಸ್ಟಮ್ ತುಂಬ ಫಾಂಟ್ ತುಂಬಿಸುವುದು ತಪ್ಪುತ್ತದೆ. ಲಿನಕ್ಸ್ ಬಳಸುವವರು ಇದನ್ನು ಓದುತ್ತಿದ್ದರೆ, ಹೋಮ್ ಒಳಗಿನ ಡಾಟ್-ಲೋಕಲ್, ಶೇರ್, ಫಾಂಟ್ಸ್ ಅನ್ನುವ ಫೋಲ್ಡರಿಗೆ ಹಾಕಿ, ಟರ್ಮಿನಲ್‌ನಲ್ಲಿ ಎಫ್‌ಸಿ-ಕ್ಯಾಶ್ ಆದೇಶ ಕೊಟ್ಟರೆ ಆಯಿತು.

ಇನ್ನೊಂದು ವಿಷಯ. ಬಾಲೂ ಜಿಪ್ ಒಳಗೆ ಹೆಸರಲ್ಲಿ ‘ವೇರಿಯಬಲ್’ ಅಂತ ಇರುವ ಒಂದು ದೊಡ್ಡ ಫೈಲ್ ಮತ್ತು ‘ಸ್ಟಾಟಿಕ್’ ಅನ್ನುವ ಫೋಲ್ಡರ್ ಇರುತ್ತದೆ. ಸ್ಟಾಟಿಕ್ ಒಳಗಿನ ರೆಗ್ಯುಲರ್, ಸೆಮಿಬೋಲ್ಡ್, ಬೋಲ್ಡ್ ಇಂಥವನ್ನೇ ಹಾಕಿ. ವೇರಿಯಬಲ್ ಫೈಲ್ ಹಾಕಿದರೆ ಹಳೆಯ ಗಿಂಪ್‌ನಲ್ಲಿ ದಪ್ಪ, ತೆಳು ಅಂತ ಆರಿಸಿಕೊಳ್ಳಲು ಕಷ್ಟ. ಟಿರೋ ಕನ್ನಡದಲ್ಲಿ ಆ ಗೊಡವೆ ಇಲ್ಲ, ರೆಗ್ಯುಲರ್ ಮತ್ತು ಇಟಾಲಿಕ್ ಎರಡೇ ಫೈಲ್.

ಮಿಡಿಮಾವು_ಶಿರಸಿ ಬರೆದದ್ದು:

ಇಬ್ಬರಿಗೂ ತುಂಬಾ ಧನ್ಯವಾದ. ಸರ್, ನೀವು ಬರೆದದ್ದನ್ನು ಆಯಿಗೆ ಓದಿ ಹೇಳಿದೆ. ಒಂಬತ್ತು ಸಂಕೇತ, ನಾಲ್ಕು ಅಕ್ಷರ ಅನ್ನುವುದನ್ನು ಅವಳು ಬೆರಳು ಮಡಚಿ ಎಣಿಸಿದಳು.

ಭಾವನ ಫೋಟೋಶಾಪ್ ಸರಿಯಾಯಿತು. ಟೈಪ್ ಪುಟದಲ್ಲೇ ಆ ಆಯ್ಕೆ ಇತ್ತು. ಹಳೆಯ ಫೈಲಿನಲ್ಲಿ ನಿಜವಾಗಿಯೂ ಒಡೆದೇ ಇತ್ತು. ನೀವು ಮೊದಲೇ ಹೇಳದಿದ್ದರೆ ಮತ್ತೆ ಕೈಬಿಡುತ್ತಿದ್ದೆ. ಹೊಸ ಫೈಲಿನಲ್ಲಿ ‘ಅಪ್ಪೆಮಿಡಿ’ ಮೊದಲ ಸಲ ಸರಿಯಾಗಿ ಬಂದಾಗ ಸುಮಾರು ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. ಆದರೆ ಭಾವ ವಾರದ ಐದು ದಿನ ಲ್ಯಾಪ್‌ಟಾಪ್ ಕೆಲಸಕ್ಕೆ ಒಯ್ಯುತ್ತಾರೆ. ನನಗೆ ಗಿಂಪ್‌ನಲ್ಲೇ ಆಗಬೇಕು.

ಗಿಂಪ್‌ನಲ್ಲಿ ‘ಆಲ್ ಯೂಸರ್ಸ್’ ಕೊಟ್ಟು ಹಾಕಿದೆ. ಈಗ ಪಟ್ಟಿಯಲ್ಲಿ ಎರಡೂ ಹೆಸರು ಬಂದಿವೆ. ಟಿರೋ ಕನ್ನಡ ಚೆನ್ನಾಗಿ ಬರುತ್ತದೆ, ಒತ್ತೂ ಸರಿ ಇದೆ. ಆದರೆ ಬಾಲೂ ಆರಿಸಿದರೆ ಅಕ್ಷರ ದಪ್ಪ ದುಂಡಗೆ ಆಗುವುದೇ ಇಲ್ಲ. ಸೆಮಿಬೋಲ್ಡ್ ಕೊಟ್ಟರೂ, ಬೋಲ್ಡ್ ಕೊಟ್ಟರೂ ಅದೇ ಸಪೂರ ಅಕ್ಷರ. ‘500’ ಅನ್ನುವ ಅಂಕಿ ಮಾತ್ರ ದಪ್ಪಗೆ ಆಗುತ್ತದೆ, ಪಕ್ಕದ ‘ಗ್ರಾಂ’ ಆಗುವುದಿಲ್ಲ. ನನ್ನ ಪಟ್ಟಿಯಲ್ಲಿ ಇರುವ ಹೆಸರು ‘ಬಾಲೂ ತಮ್ಮುಡು 2’. ಹೆಸರು ತೋರಿಸುತ್ತದೆ, ಅಕ್ಷರ ತೋರಿಸುವುದಿಲ್ಲ ಅಂದರೆ ಏನು ಅರ್ಥ?

ಪೆಂಗ್ವಿನ್_ಮೈಸೂರು ಬರೆದದ್ದು:

ಅಕ್ಕ, ಅಂಕಿ ಮಾತ್ರ ಬದಲಾಗುತ್ತದೆ ಅಂದಿರಲ್ಲ, ಅದರಲ್ಲೇ ಉತ್ತರ ಇದೆ. ‘ತಮ್ಮುಡು’ ತೆಲುಗಿನದ್ದು! ಕನ್ನಡದ್ದು ‘ಬಾಲೂ ತಮ್ಮ 2’. ಏಕ್ ಟೈಪ್ ಅನ್ನುವ ಫಾಂಟ್ ತಯಾರಕರು ಇದನ್ನು ಭಾರತದ ಒಂದೊಂದು ಲಿಪಿಗೂ ಬೇರೆ ಬೇರೆ ಫಾಂಟಾಗಿ ಮಾಡಿ, ಸುಮಾರಿಗೆ ಆಯಾ ಭಾಷೆಯಲ್ಲಿ ಅಣ್ಣ-ತಮ್ಮನನ್ನು ಕರೆಯುವ ಮಾತನ್ನೇ ಹೆಸರಿಗೆ ಸೇರಿಸಿದ್ದಾರೆ. ತಮಿಳಿಗೆ ತಂಬಿ, ಮಲಯಾಳಕ್ಕೆ ಚೇಟ್ಟನ್, ಗುಜರಾತಿಗೆ ಭಾಯ್. ನಮ್ಮದು ತಮ್ಮ. ನನಗೆ ಈ ಹೆಸರುಗಳು ತುಂಬಾ ಇಷ್ಟ.

ತೆಲುಗು ಫಾಂಟಿನಲ್ಲಿ ಇಂಗ್ಲಿಷ್ ಅಂಕಿಗಳು ಇವೆ, ಅದಕ್ಕೇ 500 ದಪ್ಪಗಾಯಿತು. ಕನ್ನಡದ ಅಕ್ಷರ ಅದರಲ್ಲಿ ಇಲ್ಲ. ಆಗ ಗಿಂಪ್ ಡಬ್ಬಿ ತೋರಿಸುವುದಿಲ್ಲ. ಕನ್ನಡ ಇರುವ ಬೇರೆ ಯಾವುದಾದರೂ ಫಾಂಟನ್ನು ತಾನೇ ಹುಡುಕಿ ಆ ಜಾಗಕ್ಕೆ ತುಂಬುತ್ತದೆ. ವಿಂಡೋಸ್ 10ರಲ್ಲಿ ಅದು ಸಾಮಾನ್ಯವಾಗಿ ನಿರ್ಮಲಾ ಯುಐ. ನೀವು ನೋಡಿದ ಸಪೂರ ಅಕ್ಷರ ಅದೇ ಇರಬೇಕು. ಯಾವ ಫಾಂಟ್ ಆರಿಸಿದರೂ ಕನ್ನಡ ಒಂದೇ ಥರ ಕಾಣುತ್ತಿದೆ ಅಂದರೆ ಆ ಫಾಂಟಿನಲ್ಲಿ ಕನ್ನಡ ಇಲ್ಲ ಅಂತಲೇ ತಿಳಿಯಿರಿ.

ತಮ್ಮ 2 ಇಳಿಸಿಕೊಳ್ಳಿ. ಅದರಲ್ಲಿ ರೆಗ್ಯುಲರ್‌ನಿಂದ ಎಕ್ಸ್‌ಟ್ರಾ ಬೋಲ್ಡ್‌ವರೆಗೆ ಐದು ದಪ್ಪ ಇವೆ. ದಪ್ಪ ಬೇಕಾದರೆ ಪಟ್ಟಿಯಿಂದಲೇ ಬೋಲ್ಡ್ ಫಾಂಟ್ ಆರಿಸಿ. ಅಕ್ಷರದ ಮೇಲೆ ಬರುವ ಚಿಕ್ಕ ಪಟ್ಟಿಯ ‘ಬಿ’ ಒತ್ತಬೇಡಿ. ಬೋಲ್ಡ್ ಫೈಲ್ ಸಿಗದಿದ್ದಾಗ ಅದು ಗೆರೆಯನ್ನು ಸುಮ್ನೆ ಉಬ್ಬಿಸಿಬಿಡುತ್ತದೆ, ಒತ್ತಿನ ಒಳಗಿನ ಸಣ್ಣ ಖಾಲಿ ಜಾಗ ಮುಚ್ಚಿಹೋಗುತ್ತದೆ.

ಕರಾವಳಿ_ದೂರದಲ್ಲಿ ಬರೆದದ್ದು:

ನಾನು ಮ್ಯಾಕ್ ಬಳಸುವವಳು, ಆದರೂ ಒಂದು ಮಾತು ಸೇರಿಸುತ್ತೇನೆ, ಮುಂದೆ ಓದುವವರಿಗೆ ಬೇಕಾಗಬಹುದು. ಮ್ಯಾಕ್‌ನಲ್ಲಿ ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಫಾಂಟ್ ಬುಕ್ ತೆರೆಯುತ್ತದೆ, ಅಲ್ಲಿ ಇನ್‌ಸ್ಟಾಲ್ ಒತ್ತಿದರೆ ಆಯಿತು. ತೆರೆದಿದ್ದ ಸಾಫ್ಟ್‌ವೇರನ್ನು ಮುಚ್ಚಿ ತೆರೆಯಿರಿ.

ಮತ್ತೆ ಅಕ್ಕ, ನೀವು ಮಾರುವ ವಸ್ತುವಿಗೆ ಫಾಂಟ್ ಬಳಸುತ್ತಿದ್ದೀರಿ ಅಲ್ವಾ? ಬಾಲೂ ತಮ್ಮ, ಟಿರೋ ಕನ್ನಡ ಎರಡೂ ಓಪನ್ ಫಾಂಟ್ ಲೈಸೆನ್ಸಿನಲ್ಲಿ ಬಂದವು. ಲೇಬಲ್ಲಿಗೆ, ಬ್ಯಾನರಿಗೆ, ವ್ಯಾಪಾರಕ್ಕೆ ಧಾರಾಳವಾಗಿ ಬಳಸಬಹುದು, ಯಾರಿಗೂ ದುಡ್ಡು ಕೊಡಬೇಕಿಲ್ಲ. ಫಾಂಟ್ ಫೈಲನ್ನೇ ಮಾರಾಟಕ್ಕೆ ಇಡುವ ಹಾಗಿಲ್ಲ, ಅಷ್ಟೇ. ಎಲ್ಲೆಲ್ಲೋ ಸಿಗುವ ‘500 ಫಾಂಟ್ ಉಚಿತ’ ಥರದ ಕಟ್ಟುಗಳನ್ನು ಮಾತ್ರ ಇಳಿಸಬೇಡಿ. ಅದರಲ್ಲಿ ಯಾರದೋ ದುಡಿಮೆ ಕದ್ದು ಸೇರಿಸಿರುತ್ತಾರೆ.

ಮಿಡಿಮಾವು_ಶಿರಸಿ ಬರೆದದ್ದು:

ತಮ್ಮ ಸಿಕ್ಕಿದ! ಬಾಲೂ ತಮ್ಮ 2 ಬೋಲ್ಡ್, ಗಿಂಪ್‌ನಲ್ಲಿ, ನನ್ನದೇ ಲ್ಯಾಪ್‌ಟಾಪ್‌ನಲ್ಲಿ. ಪ್ಪೆ ಸರಿ, ಪ್ಪಿ ಸರಿ, ವ್ವ ಸರಿ, ಗ್ರಾಂ ಸರಿ. ‘ಅರ್ಧ’ದ ಅರ್ಕಾವೊತ್ತು ಧ ಪಕ್ಕ ಬಂದು ನಿಂತಿದೆ. ಹೆಸರಿಗೆ ಬಾಲೂ, ಕೆಳಗಿನ ಸಣ್ಣ ಅಕ್ಷರಕ್ಕೆ ಟಿರೋ ಅಂತ ಮಾಡಿದ್ದೇನೆ. ಟಿರೋ ನೋಡಿದರೆ ಹಳೆಯ ಪುಸ್ತಕದ ಅಕ್ಷರದ ಹಾಗಿದೆ, ಆಯಿಗೆ ಅದೇ ಹಿಡಿಸಿದೆ.

ಕೊನೆಯದಾಗಿ ಒಂದು ಕೇಳುತ್ತೇನೆ. ಅಂಗಡಿಗೆ ಇದನ್ನು ಹೇಗೆ ಕೊಡಲಿ? ಅವರ ಹತ್ತಿರ ಈ ಫಾಂಟ್ ಇಲ್ಲ. ಅವರು ತೆರೆದಾಗ ಮತ್ತೆ ಒಡೆದರೆ ಅಂತ ಭಯ. ಇನ್ನೊಂದು 200 ಸ್ಟಿಕರ್ ಹಾಳು ಮಾಡುವ ಶಕ್ತಿ ನಮಗಿಲ್ಲ. ಲೇಬಲ್ ಅಳತೆ 3 ಇಂಚು ಅಗಲ, 4 ಇಂಚು ಎತ್ತರ.

ಮೊಳೆ_ಜೋಡಣೆ ಬರೆದದ್ದು:

ತಂಗಿ, ಭಯ ಸರಿಯಾದದ್ದೇ. ಎಷ್ಟೋ ಕೆಲಸ ಕೆಡುವುದು ಇದೇ ಜಾಗದಲ್ಲಿ. ಮದುವೆ ಕರೆಯೋಲೆ, ಊರಬ್ಬದ ಫ್ಲೆಕ್ಸ್, ಗುಡಿಯ ಫಲಕ, ಎಷ್ಟು ಕಡೆ ಒಡೆದ ಒತ್ತು ನೋಡಿದ್ದೇನೆ. ಅಂಗಡಿಯಲ್ಲಿ ಕೂತವರೂ ದಿನಕ್ಕೆ ಮೂವತ್ತು ಕೆಲಸ ಮುಗಿಸಬೇಕು, ಒಂದೊಂದು ಅಕ್ಷರ ನೋಡಲು ಪುರಸೊತ್ತು ಇರುವುದಿಲ್ಲ. ಹಾಗಾಗಿ ಅವರ ಕೈಗೆ ಅಕ್ಷರ ಕೊಡಲೇಬೇಡಿ, ಚಿತ್ರ ಕೊಡಿ. ಚಿತ್ರಕ್ಕೆ ಫಾಂಟ್ ಬೇಡ.

ಗಿಂಪ್‌ನ ತನ್ನದೇ ಎಕ್ಸ್‌ಸಿಎಫ್ ಫೈಲನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಅದರಲ್ಲಿ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ, ಮುಂದಿನ ವರ್ಷ ತಾರೀಕು ಬದಲಿಸಲು ಬೇಕು. ಅಂಗಡಿಗೆ ‘ಎಕ್ಸ್‌ಪೋರ್ಟ್ ಆ್ಯಸ್’ ಕೊಟ್ಟು ಮಾಡಿದ ಟಿಫ್ ಅಥವಾ ಪಿಎನ್‌ಜಿ ಕೊಡಿ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಬೇಡಿ, ಕುಗ್ಗಿ ಮಸುಕಾಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ಒಯ್ಯಿರಿ.

ಅಳತೆ ಮೊದಲೇ ಸರಿ ಇರಬೇಕು. ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಬೇಕು. ನಿಮ್ಮ 3x4 ಇಂಚಿಗೆ 900x1200 ಪಿಕ್ಸೆಲ್. ಹಿನ್ನೆಲೆ ಬಣ್ಣ ಅಂಚಿನವರೆಗೂ ಇದ್ದರೆ ಸುತ್ತಲೂ 3 ಮಿ.ಮೀ. ಜಾಸ್ತಿ ಬಿಡಿ, ಕಟಿಂಗ್‌ನಲ್ಲಿ ಹೋಗುತ್ತದೆ. ಚಿಕ್ಕದಾಗಿ ಮಾಡಿ ಆಮೇಲೆ ದೊಡ್ಡದು ಮಾಡಿದರೆ ಒತ್ತಿನ ಅಂಚು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ.

ಸಾಲುಗಳ ನಡುವೆ ಜಾಗ ಜಾಸ್ತಿ ಕೊಡಿ. ಇಂಗ್ಲಿಷಿನ ಲೆಕ್ಕದಲ್ಲಿ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ‘ಅಪ್ಪೆಮಿಡಿ’ ಕೆಳಗೆ ‘ಉಪ್ಪಿನಕಾಯಿ’ ಬರುತ್ತದಲ್ಲ, ಅಲ್ಲಿ ನೋಡಿ. ಗಿಂಪ್‌ನ ಟೆಕ್ಸ್ಟ್ ಟೂಲಿನಲ್ಲಿ ಸಾಲಿನ ಅಂತರಕ್ಕೆ ಒಂದು ಅಂಕಿ ಇರುತ್ತದೆ, ಅದನ್ನು ಏರಿಸಿ ಏರಿಸಿ ಕಣ್ಣಿಗೆ ಹಿತ ಆಗುವಷ್ಟು ಮಾಡಿಕೊಳ್ಳಿ. ತೂಕ, ತಾರೀಕಿನ ಸಣ್ಣ ಅಕ್ಷರ ತೀರಾ ಸಣ್ಣ ಬೇಡ. ಕನ್ನಡದ ಒತ್ತು ಅಕ್ಷರಕ್ಕಿಂತ ಸಣ್ಣ. ಅಕ್ಷರ ಓದಲು ಬಂದರೂ ಒತ್ತು ಮಸಿಯ ಚುಕ್ಕೆ ಆಗಿಬಿಡುತ್ತದೆ.

ಸಣ್ಣ ಅಕ್ಷರ ಇನ್ನೂ ಚೂಪಾಗಿ ಬೇಕು ಅಂದರೆ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶ ಕಲಿಯಿರಿ. ಅದೂ ಉಚಿತ, ಅದರಲ್ಲೂ ಕನ್ನಡ ಸರಿ ಕೂರುತ್ತದೆ. ಕೊನೆಗೆ ಪಾತ್ ಮೆನುವಿನ ‘ಆಬ್ಜೆಕ್ಟ್ ಟು ಪಾತ್’ ಕೊಟ್ಟರೆ ಅಕ್ಷರವೆಲ್ಲ ಗೆರೆಯ ಆಕಾರ ಆಗುತ್ತದೆ. ಪಿಡಿಎಫ್ ಮಾಡಿ ಕೊಡಬಹುದು. ಆದರೆ ಅದನ್ನು ಮಾಡುವ ಮೊದಲು ಒಂದು ಪ್ರತಿ ತೆಗೆದಿಡಿ. ಆಕಾರ ಆದ ಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ.

ಬಣ್ಣದ್ದೂ ಹೇಳಿಬಿಡುತ್ತೇನೆ. ಪರದೆಯ ಕೆಂಪು ಮಸಿಯಲ್ಲಿ ಸ್ವಲ್ಪ ಮಂಕಾಗುತ್ತದೆ. ಉಪ್ಪಿನಕಾಯಿ ಲೇಬಲ್, ನೀವು ಕೆಂಪೇ ಹಾಕಿರುತ್ತೀರಿ. ಮೊದಲು ಒಂದೇ ಒಂದು ಹಾಳೆ ತೆಗೆಸಿ, ಹಗಲು ಬೆಳಕಿನಲ್ಲಿ ನೋಡಿ, ಬಾಟಲಿಗೆ ಅಂಟಿಸಿ ನೋಡಿ. ಆಮೇಲೆ 200ಕ್ಕೆ ಹೇಳಿ. ಪ್ರೂಫ್ ನೋಡದೆ ನಾವು ಯಾವತ್ತೂ ಮಷೀನ್ ಹಚ್ಚುತ್ತಿರಲಿಲ್ಲ.

ಮಿಡಿಮಾವು_ಶಿರಸಿ, ಒಂಬತ್ತು ದಿನದ ನಂತರ ಬರೆದದ್ದು:

ಎಲ್ಲರಿಗೂ ಹೇಳದೆ ಇರಲು ಆಗಲಿಲ್ಲ. ಲೇಬಲ್ ಬಂತು.

ಸರ್ ಹೇಳಿದ ಹಾಗೆ ಮೊದಲು ಒಂದು ಹಾಳೆ ತೆಗೆಸಿದೆ. ನಾನು ಹಾಕಿದ್ದ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಬದಲಿಸಿ ಎರಡನೇ ಹಾಳೆ ತೆಗೆಸಿದೆ. ಅದರಲ್ಲಿ ‘ಅಪ್ಪೆಮಿಡಿ’ಯ ಪ ಒತ್ತು ‘ಉಪ್ಪಿನಕಾಯಿ’ಯ ಗುಡಿಸಿಗೆ ಕೂದಲೆಳೆಯಷ್ಟು ತಾಗುತ್ತಿತ್ತು. ಪರದೆ ಮೇಲೆ ನನಗೆ ಕಂಡಿರಲಿಲ್ಲ, ಆಯಿಗೆ ಕಂಡಿತು. ಸಾಲಿನ ಅಂತರ ಇನ್ನೂ ಏರಿಸಿದೆ. ಮೂರನೆಯದು ಸರಿ ಬಂತು.

ಅಂಗಡಿಯ ಹುಡುಗ ಪರದೆ ಮೇಲೆ ನೋಡಿ “ಇದು ಯಾವ ಫಾಂಟ್?” ಅಂತ ಕೇಳಿದ. ಹೆಸರು ಬರೆದುಕೊಟ್ಟೆ. ಫೋಟೋಶಾಪಿನ ಆ ಸೆಟ್ಟಿಂಗ್ ಕೂಡ ಚೀಟಿಯಲ್ಲಿ ಬರೆದುಕೊಟ್ಟೆ. ಅಲ್ಲೇ ಮಾಡಿ ನೋಡಿದ. ಅವನ ಹೆಸರಿನಲ್ಲಿ ಎರಡು ಒತ್ತಿವೆ, ಮೊದಲು ಅದನ್ನೇ ಟೈಪ್ ಮಾಡಿದ.

ನಿನ್ನೆ ಮೊದಲ 40 ಬಾಟಲಿಗೆ ಅಂಟಿಸಿದೆವು. ಆಯಿ ಪ್ರತಿ ಬಾಟಲಿಯ ಲೇಬಲ್ಲನ್ನೂ ಹೆಬ್ಬೆರಳಿನಲ್ಲಿ ಮೇಲಿಂದ ಕೆಳಗೆ ಒತ್ತುತ್ತಾ ಬಂದಳು. ಮುಗಿದ ಮೇಲೆ “ಹಲಸಿನ ಹಪ್ಪಳಕ್ಕೂ ಇದೇ ದಪ್ಪ ಅಕ್ಷರದ್ದು ಮಾಡು” ಅಂದಳು. ಇವತ್ತು ಹೊಸ ಫೈಲ್ ತೆರೆದಿದ್ದೇನೆ. ಹಪ್ಪಳದ ಲೇಬಲ್ 5 ಇಂಚು ಅಗಲ, 300ರ ಲೆಕ್ಕದಲ್ಲಿ 1500 ಪಿಕ್ಸೆಲ್.